ದನದಾಸ್ಪತ್ರೆಯ ಜಗಲಿಯಲ್ಲಿ ಲೆಕ್ಕದ ಮಿಸ್ಸು

ಮಣಿಯಕ್ಕ ಫೇಲಾಗಬಹುದಿತ್ತು. ನಾನು ಫೇಲಾಗಬಹುದಿತ್ತು. ಇಬ್ಬರೂ ಒಟ್ಟಿಗೆ ಫೇಲಾಗಿ, ಮರುಪರೀಕ್ಷೆಗೆ ಗುರುಶಿಷ್ಯರಿಬ್ಬರೂ ಹಿಂದೆಮುಂದಿನ ಬೆಂಚಿನಲ್ಲಿ ಕೂರಬೇಕಾಗಬಹುದಿತ್ತು. ಎಲ್ಲಕ್ಕಿಂತ ಘೋರವಾಗಿ, ಮಣಿಯಕ್ಕ ಪಾಸಾಗಿ ನಾನು ಮಾತ್ರ ಫೇಲಾಗಿ, ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಡವರೆಲ್ಲ ‘ಇವಳೇ ಕಣ್ರೀ ಪಾಠ ಹೇಳಿಕೊಟ್ಟವಳು’ ಎಂದು ಬೆರಳು ತೋರಿಸಬಹುದಿತ್ತು. ಪಾಠದ ನಡುವೆ ಹಸು ಒದೆಯಬಹುದಿತ್ತು. ಒದೆಯದಿದ್ದರೆ ಸಗಣಿ ಹಾಕಬಹುದಿತ್ತು, ಅದೂ ಆಗಷ್ಟೇ ಸಾಧಿಸಿ ಮುಗಿಸಿದ ಪ್ರಮೇಯದ ಮೇಲೆ. ನಮ್ಮ ಶಾಲೆಯ ಲೆಕ್ಕದ ಮೇಷ್ಟ್ರು ತಮ್ಮ ಎಮ್ಮೆಗೆ ಔಷಧಿ ಕೇಳಲು ಆ ದನದಾಸ್ಪತ್ರೆಗೇ ಬಂದು, ತಾವು ಹೇಳಿಕೊಟ್ಟದ್ದನ್ನು ನಾನು ತಲೆಕೆಳಗು ಮಾಡಿ ಹೇಳಿಕೊಡುತ್ತಿರುವುದನ್ನು ಕಂಬದ ಮರೆಯಲ್ಲಿ ನಿಂತು ಕೇಳಿಸಿಕೊಳ್ಳಬಹುದಿತ್ತು. ಪರೀಕ್ಷೆಯ ದಿನ ಹೊಳೆ ತುಂಬಿ ಸೇತುವೆಯ ಆಚೆಯೇ ಬಸ್ಸು ನಿಲ್ಲಬಹುದಿತ್ತು. ಬೇಸಿಗೆಯಲ್ಲಿ ಕಪಿಲೆಯಾಗಲಿ ಕಾವೇರಿಯಾಗಲಿ ಎಲ್ಲಿ ತುಂಬುತ್ತದೆ ಎನ್ನುತ್ತೀರಾ? ಚಿಂತೆ ಮಾಡುವವರಿಗೆ ಋತುಗಳ ಹಂಗಿಲ್ಲ ಸ್ವಾಮಿ.

ಇವೆಲ್ಲವನ್ನೂ ನಾನು ಹದಿನೈದನೆಯ ವಯಸ್ಸಿನಲ್ಲೇ ಮನಸ್ಸಿನೊಳಗೆ ಒಂದೊಂದಾಗಿ ಅನುಭವಿಸಿ ಮುಗಿಸಿದ್ದೆ. ಈಗ ನನಗೆ ನಲವತ್ತೇಳು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮಾದರಿಗಳನ್ನು ಪರೀಕ್ಷಿಸಿ, ಎಲ್ಲಿ ಏನು ಕೆಟ್ಟಿರಬಹುದೆಂದು ಹುಡುಕುವುದು ನನ್ನ ಉದ್ಯೋಗ. ಸ್ವಭಾವಕ್ಕೆ ಸಂಬಳ ಸಿಗುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ಮನೆಯ ಬಾಗಿಲಿಗೆ ಬೀಗ ಹಾಕಿ ಅದನ್ನು ಮೂರು ಸಲ ಜಗ್ಗಿ, ಬಸ್ಸು ಹತ್ತಿದ ಮೇಲೆ ಜಗ್ಗಿದ್ದು ನಮ್ಮ ಮನೆಯ ಬೀಗವನ್ನೋ ಪಕ್ಕದ ಮನೆಯದನ್ನೋ ಎಂದು ಯೋಚಿಸುವ ಜಾತಿ ನನ್ನದು. ಮೊನ್ನೆ ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ‘ಮೇಡಂ, ನೀವು ಮೊದಲು ಎಲ್ಲಿ ಕೆಲಸ ಮಾಡ್ತಿದ್ರಿ?’ ಎಂದು ಕೇಳಿದಳು. ನನ್ನ ಮೊದಲ ಕೆಲಸ ಎಂದರೆ ಯಾವುದೆಂದು ಪ್ರಾಮಾಣಿಕವಾಗಿ ಯೋಚಿಸಿದರೆ, ಹತ್ತನೆಯ ತರಗತಿಯಲ್ಲಿದ್ದಾಗ ವಾರಕ್ಕೆರಡು ದಿನ ದನದಾಸ್ಪತ್ರೆಯ ಜಗಲಿಯಲ್ಲಿ ಟ್ಯೂಷನ್ ಹೇಳಿಕೊಟ್ಟದ್ದೇ. ವಿದ್ಯಾರ್ಥಿನಿ ಒಬ್ಬಳೇ. ವಯಸ್ಸು ಮೂವತ್ತನಾಲ್ಕು.

ಆ ಆಸ್ಪತ್ರೆಯಲ್ಲಿ ನಮ್ಮಪ್ಪ ಕಾಂಪೌಂಡರು. ದನಗಳ ಬಾಯಿಗೆ ಬಿದಿರಿನ ಗೊಟ್ಟದಲ್ಲಿ ಔಷಧಿ ಹೊಯ್ಯುವುದರಲ್ಲಿ ತಾಲ್ಲೂಕಿಗೇ ನುರಿತವರು. ಅದೇ ಕೈಚಳಕದಲ್ಲಿ ಮಕ್ಕಳ ತಲೆಗೂ ಜವಾಬ್ದಾರಿಗಳನ್ನು ಹೊಯ್ದುಬಿಡುತ್ತಿದ್ದರು. ಹೊಳೆಯಾಚೆಯ ಹಳ್ಳಿಯಿಂದ ನಂಜಮಣಿ ಎಂಬಾಕೆ, ಅಂದರೆ ಮಣಿಯಕ್ಕ, ತನ್ನ ಹಸುವನ್ನು ಹೊಡೆದುಕೊಂಡು ಬಂದು, ಅದರ ಹೊಟ್ಟೆ ಉಬ್ಬರಕ್ಕೆ ಮದ್ದು ಹಾಕಿಸುತ್ತಾ ತನ್ನ ಹೊಟ್ಟೆಯ ಸಂಕಟವನ್ನೂ ಹೇಳಿಕೊಂಡಳಂತೆ. ಅಪ್ಪ ಗೊಟ್ಟ ತೊಳೆಯುತ್ತಾ, ‘ನಮ್ಮುಡ್ಗಿ ಲೆಕ್ಕದಲ್ಲಿ ಜೋರು ಕಣಮ್ಮ, ಶನಿವಾರ ಭಾನುವಾರ ಬಾ’ ಎಂದುಬಿಟ್ಟರು. ನನಗೆ ವಿಷಯ ತಿಳಿದದ್ದು ಶನಿವಾರ ಮಧ್ಯಾಹ್ನ, ಊಟದ ತಟ್ಟೆಯ ಮುಂದೆ.

ಮಣಿಯಕ್ಕನ ಸಂಕಟ ಇಷ್ಟು. ಅವರ ಹಳ್ಳಿಯಲ್ಲಿ ಹೆಂಗಸರದೇ ಒಂದು ಹಾಲಿನ ಡೈರಿ ಇತ್ತು. ಅಲ್ಲಿ ಆರು ವರ್ಷದಿಂದ ಬೆಳಗ್ಗೆ ಸಂಜೆ ಎರಡು ಹೊತ್ತೂ ಹಾಲು ಟೆಸ್ಟ್ ಮಾಡುತ್ತಿದ್ದವಳು ಅವಳು. ಡೈರಿಯ ಸೆಕ್ರೆಟ್ರಿ ಹುಡುಗಿ ಮದುವೆಯಾಗಿ ಊರು ಬಿಡುವವಳಿದ್ದಳು. ಆ ಜಾಗಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಮಣಿಯಕ್ಕ ಐದು ವಿಷಯಗಳನ್ನು ಎಂದೋ ದಾಟಿ, ಗಣಿತವೊಂದರಲ್ಲಿ ಮೂರು ಸಲ ಮುಗ್ಗರಿಸಿದ್ದಳು. ಈ ಸಲವೂ ಆಗದಿದ್ದರೆ ಜಾಗ ಹೋಗುವುದು ಅಧ್ಯಕ್ಷೆಯ ನಾದಿನಿಗೆ. ಆ ನಾದಿನಿ ಎಸ್ಸೆಸ್ಸೆಲ್ಸಿ ಏನೋ ಪಾಸು, ಆದರೆ ಎಮ್ಮೆ ಹಾಲು ಯಾವುದು ಹಸುವಿನ ಹಾಲು ಯಾವುದು ಎಂದು ಕ್ಯಾನಿನ ಬಣ್ಣ ನೋಡಿ ಹೇಳುವವಳು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಮಣಿಯಕ್ಕ ತನ್ನ ಸ್ವಂತ ಅತ್ತೆ ತಂದ ಹಾಲಿಗೆ ನೀರು ಬೆರೆತಿದೆಯೆಂದು ಇಡೀ ಸಾಲಿನೆದುರು ಕ್ಯಾನನ್ನು ವಾಪಸ್ಸು ಕಳಿಸಿದವಳು. ನಾದಿನಿಯಾದರೋ ಯಾರನ್ನೂ ವಾಪಸ್ಸು ಕಳಿಸುವವಳಲ್ಲ. ಅವಳು ಬಂದರೆ ಆರು ತಿಂಗಳಲ್ಲಿ ಊರ ಹಾಲೆಲ್ಲ ತಿಳಿನೀಲಿಯಾಗುತ್ತದೆ, ಹಾಲು ಒಕ್ಕೂಟದ ಮೇಲಿನವರು ಡೈರಿಯನ್ನೇ ಮುಚ್ಚುತ್ತಾರೆ ಎನ್ನುವುದು ಮಣಿಯಕ್ಕನ ಖಚಿತವಾದ ಲೆಕ್ಕ. ‘ಸೆಕ್ರೆಟ್ರಿ ಆದ್ರೆ ಕುರ್ಚಿ ಸಿಕ್ತದೆ ಅಂತಲ್ಲ ಮಿಸ್ಸೇ. ನಾನು ಬ್ಯಾಡ ಅಂದ ಆಲ ಇನ್ನೊಬ್ರು ಬೇಕು ಅನ್ನಂಗಾಗ್ಬಾರ್ದು, ಅದ್ಕೆ’ ಎಂದಳು ಮೊದಲ ದಿನವೇ.

ಮಿಸ್ಸೇ! ನಾನು ಜಡೆಗೆ ಕೆಂಪು ಟೇಪು ಕಟ್ಟಿದ್ದೆ, ಅದೂ ಎರಡೂ ಜಡೆಗೆ. ಸಂಬೋಧನೆಯಲ್ಲಿ ಮಿಸ್ಸು, ಮುಂದಿನ ಮಾತಿನಲ್ಲಿ ‘ನೀನು, ಬಾ, ಕೂತ್ಕೊ’. ನಾನು ಅವಳನ್ನು ‘ಅಕ್ಕಾ, ನೀವು’ ಎನ್ನುತ್ತಿದ್ದೆ. ಗದರಿಸಬೇಕಾದ ಸಂದರ್ಭ ಬಂದಾಗ ಗುರುವಿಗೆ ಎಷ್ಟು ಕಷ್ಟ ನೋಡಿ: ‘ಅಕ್ಕಾ, ದಯವಿಟ್ಟು ನೀವು ಸ್ವಲ್ಪ ಮನೆಲೆಕ್ಕ ಮಾಡ್ಕೊಂಡ್ ಬರಬೇಕಿತ್ತು’ ಎನ್ನುವುದನ್ನು ಗದರಿಕೆ ಎಂದು ಒಪ್ಪಿಕೊಳ್ಳಲು ಯಾವ ಶಿಕ್ಷಣತಜ್ಞರೂ ತಯಾರಾಗಲಾರರು.

ಜಗಲಿಯ ಗೋಡೆಗೆ ಒಂದು ಕಪ್ಪು ಹಲಗೆಯಿತ್ತು. ಅದರ ಮೇಲರ್ಧದಲ್ಲಿ ಕಾಲುಬಾಯಿ ಜ್ವರದ ಲಸಿಕೆ ಯಾವ ಊರಿಗೆ ಯಾವತ್ತು ಎಂಬ ಪಟ್ಟಿ, ಅದನ್ನು ಅಳಿಸುವಂತಿರಲಿಲ್ಲ. ಕೆಳಗಿನ ಅರ್ಧ ನನ್ನದು. ಹೀಗಾಗಿ ನಾನು ಕಲಿಸಿದ ಗಣಿತವೆಲ್ಲ ಸ್ವಲ್ಪ ಬಗ್ಗಿಯೇ ಕಲಿಸಿದ್ದು. ಅಂಗಳದಲ್ಲಿ ದನಗಳನ್ನು ಬಿಗಿದು ನಿಲ್ಲಿಸುವ ಕಬ್ಬಿಣದ ಚೌಕಟ್ಟು. ಅದರೊಳಗೆ ಯಾವುದಾದರೂ ಹಸುವೋ ಎತ್ತೋ ನಿಂತು, ಪೈಥಾಗೊರಸನ ಪ್ರಮೇಯವನ್ನು ನನ್ನ ತರಗತಿಯ ಅರ್ಧದಷ್ಟು ಹುಡುಗಿಯರಿಗಿಂತ ಹೆಚ್ಚು ಗಮನವಿಟ್ಟು ಕೇಳುತ್ತಿತ್ತು. ಫೀಸು ಎಂದರೆ ಪಾಠಕ್ಕೊಂದು ಚೊಂಬು ಹಾಲು. ನಮ್ಮಮ್ಮ ಅದನ್ನು ಕಾಯಿಸಿ, ಕೆನೆಯನ್ನು ಕೈಬೆರಳಿಂದ ಎತ್ತಿ ನೋಡಿ, ‘ಇವಳಿಗೆ ಲೆಕ್ಕ ಬರ್ದೇ ಇದ್ರೂ ಪರವಾಗಿಲ್ಲ, ಇನ್ನೆರಡು ವರ್ಷ ಓದ್ಲಿ’ ಎಂದಳು.

ಆದರೆ ಕಷ್ಟವಿದ್ದದ್ದು ಅವಳಿಗೆ ಲೆಕ್ಕ ಬಾರದ್ದರಲ್ಲಿ ಅಲ್ಲ. ಬರುತ್ತಿದ್ದದ್ದರಲ್ಲಿ. ಎರಡನೆಯ ವಾರ ಜೋಡಿ ಸಮೀಕರಣ ಹೇಳಿಕೊಡಲು ಕೂತೆ. ಎಕ್ಸ್, ವೈ ಎಂದು ಬರೆದೆ. ‘ಎಕ್ಸ್ ಅಂದ್ರೆ ಯಾವ ಮೆಂಬರು ಮಿಸ್ಸೇ?’ ಎಂದಳು. ಡೈರಿಯ ಪುಸ್ತಕದಲ್ಲಿ ಹಾಲು ಹಾಕುವ ಪ್ರತಿ ಹೆಂಗಸಿಗೂ ಒಂದು ನಂಬರಿತ್ತು. ಹೆಸರಿಲ್ಲದ, ಮನೆಯಿಲ್ಲದ, ದನವಿಲ್ಲದ ಒಬ್ಬ ಸದಸ್ಯೆ ಅವಳ ಕಲ್ಪನೆಗೆ ಮೀರಿದ್ದು. ಸರಿ, ಶಿಷ್ಯೆಯ ನೆಲೆಯಿಂದಲೇ ಹೊರಡೋಣವೆಂದು, ‘ನಾಲ್ಕು ಫ್ಯಾಟಿನ ಹಸುವಿನ ಹಾಲು, ಏಳು ಫ್ಯಾಟಿನ ಎಮ್ಮೆ ಹಾಲು, ಎರಡೂ ಸೇರಿ ಮೂವತ್ತು ಲೀಟರು, ಬೆರೆಸಿದ ಮೇಲೆ ಫ್ಯಾಟು ಐದು. ಈಗ ಎಕ್ಸ್ ಎಂದರೆ ಹಸುವಿನ ಹಾಲು ಎಂದಿಟ್ಟುಕೊಳ್ಳಿ’ ಎಂದು ಹಲಗೆಯತ್ತ ತಿರುಗಿದೆ. ಒಂಬತ್ತು ಸಾಲು ಬರೆದೆ. ಎಲ್ಲೋ ಚಿಹ್ನೆ ತಪ್ಪಿ, ಎಮ್ಮೆಯ ಹಾಲು ಮೈನಸ್ ಹತ್ತು ಲೀಟರು ಬಂತು. ಹಿಂದಿನಿಂದ ಮಣಿಯಕ್ಕ ಮೃದುವಾಗಿ ಕೇಳಿದಳು:

‘ಅತ್ತು ಲೀಟ್ರ ಎಮ್ಮೆನೇ ವಾಪಸ್ ಕುಡ್ಕಬುಡ್ತಾ ಮಿಸ್ಸೇ?’

ಆಮೇಲೆ, ಸೆರಗು ಸರಿಮಾಡಿಕೊಳ್ಳುತ್ತಾ, ‘ಇಪ್ಪತ್ತು ಅಸೀಂದು, ಅತ್ತು ಎಮ್ಮೇದು. ನೀನು ಏಳ್ತಿದ್ದಂಗೇ ಬಂತು. ನೀನು ಬರಿತಿದ್ದೀಯಲ್ಲಾ ಅಂತ ಸುಮ್ಕಿದ್ದೆ’ ಎಂದಳು. ಚೌಕಟ್ಟಿನೊಳಗಿನ ಎತ್ತು ತಲೆಯಾಡಿಸಿತು.

ಅವಳಿಗೆ ಉತ್ತರ ಬರುತ್ತಿತ್ತು, ಹಂತಗಳು ಬರುತ್ತಿರಲಿಲ್ಲ. ನನಗೆ ಹಂತಗಳು ಬರುತ್ತಿದ್ದವು, ಉತ್ತರದ ಬಗ್ಗೆ ಯಾವ ಭರವಸೆಯೂ ಇರಲಿಲ್ಲ. ನಮ್ಮ ಪರೀಕ್ಷೆಗಳು ನನ್ನಂಥವರಿಗಾಗಿಯೇ ಹುಟ್ಟಿದವು, ಓದುಗ ಮಿತ್ರರೇ. ದತ್ತ ಎಂದು ಬರೆದರೆ ಅರ್ಧ ಅಂಕ, ಸೂತ್ರಕ್ಕೆ ಒಂದು, ಆದೇಶಿಸಿದ್ದಕ್ಕೆ ಇನ್ನೊಂದು. ಕೊನೆಗೆ ಎಮ್ಮೆ ತನ್ನ ಹಾಲನ್ನು ತಾನೇ ಕುಡಿದರೂ ಮುಕ್ಕಾಲು ಪಾಲು ಅಂಕ ಬಂದೇ ಬರುತ್ತದೆ. ತಪ್ಪುತ್ತೇನೆಂಬ ಭಯದಿಂದ ಹೆಜ್ಜೆಹೆಜ್ಜೆಗೂ ದಾಖಲೆ ಇಡುವವರಿಗೆ ಲೋಕದಲ್ಲಿ ಒಂದು ಮರ್ಯಾದೆಯಿದೆ. ಕಚೇರಿಗಳು ನಡೆಯುವುದೇ ಅವರಿಂದ. ಸರಿಯಾದ ಜಾಗಕ್ಕೆ ನೇರವಾಗಿ ಹಾರಿ ನಿಂತವರನ್ನು ಮಾತ್ರ ಲೋಕ, ‘ಇಲ್ಲಿಗೆ ಹೇಗೆ ಬಂದೆ?’ ಎಂದು ಅನುಮಾನದಿಂದ ಕೇಳುತ್ತದೆ. ಮಣಿಯಕ್ಕನನ್ನು ಮೂರು ವರ್ಷ ಮೂರು ಪರೀಕ್ಷಕರು ಕೇಳಿದ್ದು ಅದನ್ನೇ. ಅವಳ ಉತ್ತರಪತ್ರಿಕೆಯಲ್ಲಿ ಇಪ್ಪತ್ತು, ಹತ್ತು, ನಲವತ್ತೆರಡು ಎಂದು ಬರೀ ಉತ್ತರಗಳು ಒಂದರ ಕೆಳಗೊಂದು ಸಾಲಾಗಿ ನಿಂತಿರುತ್ತಿದ್ದವು, ಡೈರಿಯ ಪುಸ್ತಕದಲ್ಲಿ ನಿಂತಂತೆ.

ಇನ್ನೊಂದು ತೊಡಕಿತ್ತು. ಡೈರಿಯಲ್ಲಿ ಫ್ಯಾಟನ್ನು ಬರೆಯುವುದು ಒಂದೇ ದಶಾಂಶಕ್ಕೆ. ಅದರಾಚೆ ಬಂದದ್ದನ್ನು ಬಿಟ್ಟುಬಿಡುವುದು ವಾಡಿಕೆ. ಹೀಗಾಗಿ ಮಣಿಯಕ್ಕನ ಪೈ ಎಂದರೆ ಮೂರು ಪಾಯಿಂಟು ಒಂದು. ಏಳು ತ್ರಿಜ್ಯದ ವೃತ್ತಕ್ಕೆ ನೂರೈವತ್ತನಾಲ್ಕು ವಿಸ್ತೀರ್ಣ ಬರಬೇಕಾದಲ್ಲಿ ಅವಳಿಗೆ ನೂರೈವತ್ತೊಂದು ಚಿಲ್ಲರೆ ಬಂತು. ಆ ಚಿಲ್ಲರೆಯನ್ನೂ ಬಿಟ್ಟಳು. ‘ಅಕ್ಕಾ, ಮೂರು ಕಡಿಮೆಯಾಯ್ತಲ್ಲ’ ಎಂದರೆ, ‘ಕಮ್ಮಿ ತೋರ್ಸುದ್ರೆ ಯಾರೂ ಬಯ್ಯಕಿಲ್ಲ ಮಿಸ್ಸೇ, ಜಾಸ್ತಿ ತೋರ್ಸುದ್ರೇ ಮೆಮೋ ಬರೋದು’ ಎಂದಳು.

ಮೂರು ವಾರ ನಾನು ಬಗೆಬಗೆಯಾಗಿ ಬೇಡಿಕೊಂಡೆ. ಹಂತ ಬರೆಯಿರಿ, ಹಂತ ಬರೆಯಿರಿ. ‘ಉತ್ರ ಸರಿಯಾಗದಲ್ಲ, ಇನ್ಯಾಕೆ ಪುರಾಣ?’ ಎನ್ನುತ್ತಿದ್ದಳು. ಕೊನೆಗೊಂದು ಭಾನುವಾರ, ಹತಾಶೆಯಿಂದ ನಾನೇ ಹೇಳಿದೆನೋ ನನ್ನ ಬಾಯಲ್ಲಿ ಯಾವುದೋ ದೇವತೆ ಹೇಳಿಸಿತೋ: ‘ಅಕ್ಕಾ, ವ್ಯಾನಿನಲ್ಲಿ ಬರೀ ಹಾಲು ಕಳಿಸಿದರೆ ಮೇಲಿನವರು ತಗೋತಾರಾ?’

‘ಎಲ್ಲಾದ್ರೂ ಉಂಟಾ? ಚೀಟಿ ಬೇಕು. ಎಷ್ಟು ಲೀಟ್ರು, ಎಷ್ಟು ಫ್ಯಾಟು, ಎಷ್ಟ್ ಕ್ಯಾನು, ಕೆಳಗೆ ಸೈನು.’

‘ಹಾಲು ಸರಿಯಾಗಿದ್ದರೂ?’

ಮಣಿಯಕ್ಕ ಎದ್ದು ಬಂದು, ನನ್ನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು, ‘ಅಂಗಂತ ಮೊದ್ಲೇ ಏಳ್ಬಾರ್ದಾ ನಮ್ಮವ್ವ? ಪೇಪರ್ ನೋಡೋನು ಮೇಲ್ನೋನು. ಅವ್ನಿಗೆ ಚೀಟಿ ಬೇಕು’ ಎಂದಳು. ಅಂದಿನಿಂದ ಅವಳು ಬರೆದ ಪ್ರತಿ ಲೆಕ್ಕಕ್ಕೂ ಚೀಟಿ ಹುಟ್ಟಿತು. ಪೈ ಕೂಡ ಇಪ್ಪತ್ತೆರಡರ ಏಳನೇ ಒಂದಾಯಿತು, ‘ಮೇಲ್ನೋರ ರೇಟು’ ಎಂಬ ಹೆಸರಲ್ಲಿ. ಉತ್ಸಾಹದಲ್ಲಿ ಕೆಲವು ಲೆಕ್ಕಗಳ ಕೆಳಗೆ ಸಹಿಯನ್ನೂ ಹಾಕುತ್ತಿದ್ದಳು. ಅದನ್ನು ಬಿಡಿಸಲು ಮತ್ತೆರಡು ವಾರ ಹಿಡಿಯಿತು. ಆದರೆ ಬರೆಯುವ ಕೈ ನಿಧಾನ. ಮನಸ್ಸಿನಲ್ಲಿ ಅರೆಕ್ಷಣದ ಲೆಕ್ಕಕ್ಕೆ ಕಾಗದದ ಮೇಲೆ ಹತ್ತು ನಿಮಿಷ. ಮೂರು ಗಂಟೆಯಲ್ಲಿ ಇವಳು ಎಷ್ಟು ಚೀಟಿ ಬರೆದಾಳು ಎಂಬುದು ನನ್ನ ಪಟ್ಟಿಗೆ ಹೊಸದಾಗಿ ಸೇರಿದ ಚಿಂತೆ.

ಗಣಿತದ ಪರೀಕ್ಷೆ ನಮ್ಮ ಹೈಸ್ಕೂಲಿನಲ್ಲೇ. ನಮ್ಮದು ಕೆಳಗಿನ ಕೋಣೆ. ಹೊರಗಿನಿಂದ ಪರೀಕ್ಷೆ ಕಟ್ಟುವವರದು ಮಾಳಿಗೆಯ ಮೇಲೆ. ಪತ್ರಿಕೆ ಒಂದೇ. ನಾನು ಕಿಟಕಿಯ ಪಕ್ಕ ಕೂತು ಎರಡು ಪ್ರಾಣಗಳನ್ನು ಕೈಯಲ್ಲಿ ಹಿಡಿದು ಬರೆಯುತ್ತಿದ್ದೆ, ನನ್ನದೊಂದು, ಮೇಲಿನದೊಂದು. ಎರಡನೆಯ ಗಂಟೆ ಮುಗಿಯುವುದರೊಳಗೆ ಕಿಟಕಿಯಾಚೆ ಒಂದು ಹಸಿರು ಸೀರೆ ಕಂಡಿತು. ಮಣಿಯಕ್ಕ, ಚೀಲ ಬಗಲಿಗೇರಿಸಿ, ಬಿರಬಿರನೆ ಗೇಟಿನತ್ತ ನಡೆಯುತ್ತಿದ್ದಳು. ಇನ್ನೂ ಒಂದು ಗಂಟೆಗೂ ಹೆಚ್ಚು ಸಮಯವಿತ್ತು. ನನ್ನ ಪೆನ್ನು ನಿಂತಿತು. ತಲೆ ತಿರುಗಿತೋ, ಅಳು ಬಂತೋ, ಪ್ರಶ್ನೆ ನೋಡಿ ಹೆದರಿದಳೋ, ಎಲ್ಲದರ ಕೆಳಗೂ ಸಹಿ ಹಾಕಿ ಸಿಕ್ಕಿಬಿದ್ದಳೋ? ಕೋಣೆಯ ಮೇಲ್ವಿಚಾರಕರು, ‘ಯಾಕಮ್ಮ, ಏನು ನೋಡ್ತಿದ್ದೀಯ?’ ಎಂದಾಗ, ‘ಸಾ, ನನ್ನ ಸ್ಟೂಡೆಂಟು’ ಎಂದುಬಿಟ್ಟೆ. ಅವರು ನನ್ನ ಜಡೆಗಳನ್ನು ನೋಡಿ, ನೀರು ಕುಡಿಯಲು ಹೇಳಿದರು.

ಭಾನುವಾರ ಅವಳು ಕೊನೆಯ ಚೊಂಬು ಹಾಲು ಹಿಡಿದು ಜಗಲಿಗೆ ಬಂದಳು. ‘ಯಾಕಕ್ಕಾ ಎದ್ದು ಬಂದ್ರಿ?’ ಎಂದರೆ, ನನ್ನ ಮುಖವನ್ನು ವಿಚಿತ್ರವಾಗಿ ನೋಡಿದಳು.

‘ಅನ್ನೆರಡೂವರೆ ಬಸ್ ಬುಟ್ರೆ ಇನ್ನು ಐದಕ್ಕೇ ಮಿಸ್ಸೇ. ಸಾಯಂಕಾಲದ ಆಲ ಯಾರು ಟೆಸ್ಟ್ ಮಾಡಾರು? ಆ ನಾದಿನಿ ಮಾಡಾಳು. ಮೂವತ್ತೈದು ಬೇಕಿತ್ತು. ನಲ್ವತ್ತೆರಡ್ಕೆ ಬರ್ದೆ. ಏಳು, ಚೆಲ್ಲೋದಕ್ಕೆ.’

‘ಚೆಲ್ಲೋದಕ್ಕೆ?’

‘ಕ್ಯಾನಿಂದ ಕ್ಯಾನಿಗೆ ಉಯ್ಯುವಾಗ ಒಂಚೂರು ಚೆಲ್ಲೇ ಚೆಲ್ತದೆ. ಅಲ್ಲೂ ಅಂಗೇ ಅಲ್ವಾ? ಅಲ್ಲರ್ಧ ಇಲ್ಲರ್ಧ ಮಾರ್ಕು ಅಂತ ಪೇಪರ್ ನೋಡೋರೂ ಚೆಲ್ತಾರೆ. ಅದ್ಕೇ ಏಳು ಜಾಸ್ತಿ ಇಟ್ಟೆ.’

ಹೀಗೂ ಬದುಕಬಹುದೆಂದು ನನಗೆ ಗೊತ್ತಿರಲಿಲ್ಲ. ನಾನು ನೂರಕ್ಕೆ ಬರೆದು, ಬರೆದದ್ದನ್ನು ಮತ್ತೆ ತಿದ್ದಿ, ತಿದ್ದಿದ್ದನ್ನು ಮತ್ತೆ ಹೊಡೆದು, ಗಂಟೆ ಬಾರಿಸಿದ ಮೇಲೆ ಉತ್ತರಪತ್ರಿಕೆಯ ದಾರದ ಗಂಟು ಬಿಚ್ಚಿಕೊಂಡಿತೇ ಎಂದು ಜಗ್ಗಿ ನೋಡಿ ಬಂದವಳು. ಅವಳಾದರೋ ನಷ್ಟಕ್ಕೂ ಮೊದಲೇ ಒಂದು ಪಾತ್ರೆ ಇಟ್ಟು, ಬಸ್ಸು ಹತ್ತಿ ಹೋದವಳು. ನನ್ನ ಚಿಂತೆಗಳಿಗೆ ಅಳತೆಯೇ ಇರಲಿಲ್ಲ; ಅವಳ ಚಿಂತೆ ಸರಿಯಾಗಿ ಏಳು ಅಂಕದ್ದು. ಆದರೆ ಅವಳು ಬಿಟ್ಟುಹೋದ ನೆಮ್ಮದಿ ನನ್ನಲ್ಲಿ ನಿಲ್ಲಲಿಲ್ಲ. ಏಳರ ಬದಲು ಎಂಟು ಚೆಲ್ಲಿದರೆ? ಮುಂದಿನ ಒಂದೂವರೆ ತಿಂಗಳು ನಾನು ಆ ಒಂದು ಅಂಕದ ಮೇಲೆ ಮಲಗಿ ಎದ್ದೆ. ಊಟದ ನಡುವೆ ಕೈ ನಿಲ್ಲಿಸಿ, ‘ಅಪ್ಪಾ, ಪೇಪರ್ ನೋಡೋರು ಸಿಟ್ಟಿನೋರಾಗಿದ್ರೆ?’ ಎನ್ನುತ್ತಿದ್ದೆ. ಅಪ್ಪ, ‘ಗೊಟ್ಟ ತರ್ಲಾ?’ ಎನ್ನುತ್ತಿದ್ದರು.

ಫಲಿತಾಂಶದ ದಿನ ಹೈಸ್ಕೂಲಿನ ಗೋಡೆಗೆ ಹಾಳೆಗಳನ್ನು ಅಂಟಿಸಿದ್ದರು, ವಿಷಯವಾರು ಅಂಕಗಳ ಸಮೇತ. ಅದರ ಮುಂದೆ ಸಂತೆಯ ಗದ್ದಲ. ಮೊಣಕೈಗಳ ನಡುವೆ ನುಗ್ಗಿ, ಸಾಲುಗಳ ಮೇಲೆ ಬೆರಳೋಡಿಸುತ್ತಾ, ಕೊನೆಯ ಹಾಳೆಯ ಕೆಳಗಿನಿಂದ ಮೂರನೆಯ ಸಾಲಿನಲ್ಲಿ ಮಣಿಯಕ್ಕನ ನಂಬರು ಹಿಡಿದೆ. ಮೂವತ್ತೇಳು. ಐದು ಚೆಲ್ಲಿತ್ತು, ಎರಡು ಉಳಿದಿತ್ತು. ನಾನು ಅಲ್ಲೇ ಒಮ್ಮೆ ಕೂಗಿದೆನಂತೆ. ಪಕ್ಕದಲ್ಲಿದ್ದವರು ಫಸ್ಟ್ ರ್‍ಯಾಂಕು ಬಂದಿರಬೇಕೆಂದು ಕೈಕುಲುಕಿದರು. ಅಲ್ಲಿಂದ ಬಸ್ ಸ್ಟ್ಯಾಂಡು, ಸೇತುವೆ, ಹಳ್ಳಿ, ಡೈರಿ. ಒಂದೇ ಉಸಿರು. ಬಸ್ಸಿನ ಕಿಟಕಿಯಲ್ಲಿ ಹೊಳೆ ಕಂಡದ್ದೂ ನೆನಪಿಲ್ಲ. ಜೀವಮಾನದಲ್ಲಿ ಅಷ್ಟು ದೀರ್ಘಕಾಲ ಯಾವ ಚಿಂತೆಯೂ ಇಲ್ಲದೆ ನಾನು ಇದ್ದದ್ದು ಅದೊಂದೇ ಸಲ. ಈಗಲೂ ನನಗೆ ಅದರ ಮೇಲೆ ಸ್ವಲ್ಪ ಅನುಮಾನವೇ.

ಡೈರಿಯ ಮುಂದೆ ಸಂಜೆಯ ಹಾಲಿಗೆ ಹೆಂಗಸರು ಕ್ಯಾನು, ಚೊಂಬು, ತಂಬಿಗೆ ಹಿಡಿದು ಸಾಲಾಗಿ ನಿಂತಿದ್ದರು. ಮೇಜಿನ ಹಿಂದೆ ಮಣಿಯಕ್ಕ ಗಾಜಿನ ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಿದ್ದಳು. ‘ಅಕ್ಕಾ, ಪಾಸು! ಮೂವತ್ತೇಳು!’ ಎಂದೆ. ಅವಳು ಕೊಳವೆಯಿಂದ ಕಣ್ಣು ತೆಗೆಯದೆ, ‘ನಿಂತ್ಕೊ ಮಿಸ್ಸೇ, ಇದೊಂದು ಬರ್ಕಬುಡ್ತೀನಿ’ ಎಂದು ನಾಲ್ಕು ಪಾಯಿಂಟು ಎಷ್ಟೋ ಎಂದು ಪುಸ್ತಕದಲ್ಲಿ ಬರೆದು, ಪೆನ್ನು ಮುಚ್ಚಿ, ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಸಾಲಿನಲ್ಲಿ ಮೊದಲು ನಿಂತಿದ್ದ ಅವಳ ಅತ್ತೆ, ನೀರಿನ ಹಾಲಿನ ಅದೇ ಅತ್ತೆ, ‘ಮುಗೀತು, ಇನ್ಮ್ಯಾಕೆ ಇವಳು ಸಾಯೋಗಂಟ ನನ್ನ ಕ್ಯಾನ್ ವಾಪಸ್ ಕಳಸ್ತಾಳೆ’ ಎಂದು ಗೊಣಗಿ, ಎಲ್ಲರಿಗಿಂತ ಮೊದಲು ಬಂದು ಸೊಸೆಯ ತಲೆ ಸವರಿದಳು. ಯಾರೋ ನನ್ನ ಬಾಯಿಗೆ ಬೆಲ್ಲದ ಚೂರು ತುರುಕಿದರು. ಇನ್ಯಾರೋ, ‘ಇಷ್ಟುದ್ದ ಇಲ್ಲ, ಇವಳೇನಾ ಮೇಷ್ಟ್ರು?’ ಎಂದು ನಕ್ಕರು.

‘ಅದಿರ್‍ಲಿ ಮಿಸ್ಸೇ,’ ಎಂದಳು ಮಣಿಯಕ್ಕ, ನನ್ನ ಗಲ್ಲ ಹಿಡಿದು. ‘ನಿಂದು ಎಷ್ಟು ಬಂತು?’

ನಾನು ಬಾಯಿ ತೆರೆದೆ. ಬೆಲ್ಲವಿತ್ತು, ಮಾತಿರಲಿಲ್ಲ. ಸಾಲಿನವರೆಲ್ಲ ನನ್ನತ್ತ ಕತ್ತು ಚಾಚಿದರು. ಕೊನೆಯಲ್ಲಿದ್ದ ಒಬ್ಬ ಅಜ್ಜಿ ತಂಬಿಗೆಯನ್ನು ಕಂಕುಳಿಗೇರಿಸಿ, ಇಡೀ ಸಾಲಿಗೆ ಕೇಳಿಸುವಷ್ಟು ಜೋರಾಗಿ ಪಿಸುಗುಟ್ಟಿದಳು: ‘ಪೇಲಾಗವಳೆ ಕಣ್ ಪಾಪ. ಯಾರೂ ಕೇಳ್ಬೇಡ್ರಿ.’

ಇಲ್ಲ ಅಜ್ಜಿ. ನಾನು ನನ್ನ ನಂಬರನ್ನು ನೋಡುವುದನ್ನೇ ಮರೆತು ಬಂದಿದ್ದೆ.